‘ಬ್ರೇಕಕ್ಕ’ನ ಬೆಳಗಿನ ತಲೆನೋವು

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಕಚೇರಿಯಲ್ಲಿ ನೆಲ ಒರೆಸುವವರು ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಕವುಚಿಟ್ಟಿದ್ದಾರೆ. ಕೆಳಗೆ ಉಳಿದಿರುವ ಒಂದೇ ಕುರ್ಚಿಯಲ್ಲಿ ಕುಳಿತ ಹೆಂಗಸು ಕಂಪ್ಯೂಟರ್ ಪರದೆ ನೋಡುತ್ತಾ ಗೊಣಗುತ್ತಿದ್ದಾರೆ. ‘ಬಣ್ಣ ಮಾತ್ರ ಬದಲಾಯ್ಸಿದೀವಿ, ಟೆಸ್ಟ್ ಬೇಡವಂತೆ! ಪ್ರತಿ ಸಲ ಇದೇ ರಾಗ.’

ಆಸ್ಪತ್ರೆಗಳಲ್ಲಿ ಡ್ರಿಪ್ಪನ್ನು ಅಳೆದು ಬಿಡುವ ಯಂತ್ರಗಳಿಗೆ ಈ ಕಂಪನಿ ಸಾಫ್ಟ್‌ವೇರ್ ಬರೆಯುತ್ತದೆ. ಅದು ಹತ್ತಾರು ತುಂಡುಗಳಾಗಿ ತಯಾರಾಗುತ್ತದೆ. ಒಂದೊಂದನ್ನೂ ಪ್ಯಾಕೇಜ್ ಅನ್ನುತ್ತಾರೆ. ತಾವಾಗಿಯೇ ಪರೀಕ್ಷೆ ನಡೆಸುವ ಕಂಪ್ಯೂಟರುಗಳೂ ಇವೆ. ಆದರೆ ಎಲ್ಲವನ್ನೂ ಪರೀಕ್ಷಿಸುವಷ್ಟು ಹೊತ್ತು ಕಾಯುವ ತಾಳ್ಮೆ ಯಾರಿಗಿದೆ? ಬಿಡುಗಡೆಗೆ ಮುಂಚೆ ಯಾವುದಕ್ಕೆ ಪರೀಕ್ಷೆ ಬೇಕು, ಯಾವುದನ್ನು ಹಾಗೇ ಬಿಡಬಹುದು ಎಂದು ನಿರ್ಧರಿಸುವವರು ಇವರು. ಎಲ್ಲದಕ್ಕೂ ಬ್ರೇಕ್ ಹಾಕುತ್ತಾರೆಂದು ಸಹೋದ್ಯೋಗಿಗಳು ಇಟ್ಟ ಹೆಸರು ‘ಬ್ರೇಕಕ್ಕ’. ಪ್ರೀತಿಯಿಂದ ಇಟ್ಟದ್ದೇನಲ್ಲ.

‘ಎಷ್ಟು ಸಾಲು ಬದಲಾಯ್ತು ಅಂತ ನಾನು ಕೇಳೋದೇ ಇಲ್ಲ. ಅದನ್ನ ನಂಬ್ಕೊಂಡು ಇನ್ನೂ ಏನೇನು ಓಡ್ತಿದೆ ಅಂತ ಕೇಳ್ತೀನಿ’ ಎನ್ನುತ್ತಾರೆ. ಹಿಂದೊಮ್ಮೆ ಪರದೆಯ ಅಕ್ಷರ ದೊಡ್ಡದು ಮಾಡುವ ಪ್ಯಾಕೇಜನ್ನು ಎಲ್ಲರೂ ಸೇರಿ ‘ಚಿಕ್ಕದು’ ಎಂದು ದಾಟಿಸಿದ್ದರು. ಅಕ್ಷರ ದೊಡ್ಡದಾಯಿತು, ಕೊನೆಯ ಸೊನ್ನೆಗೆ ಜಾಗವಿಲ್ಲದೆ ನೂರು ಹತ್ತಾಗಿ ಕಂಡಿತು. ನರ್ಸ್ ಒಬ್ಬರ ಕಣ್ಣಿಗೆ ಬಿದ್ದದ್ದರಿಂದ ಬಚಾವು. ಆಮೇಲೆ ಈ ಕೆಲಸ ಇವರ ತಲೆಗೆ ಬಿತ್ತು.

ಗಂಡನ ದೂರೇ ಬೇರೆ. ‘ಬಸ್ ಹತ್ತಿದ್ಮೇಲೂ ಫೋನ್ ಮಾಡಿ, ಗ್ಯಾಸ್ ಆರಿಸಿದ್ರಾ ಅಂತ ಕೇಳ್ತಾಳೆ, ನೋಡಿ!’

ಇವತ್ತಿನದು ಮಾತ್ರ ನಗುವ ವಿಷಯವಲ್ಲ. ಪರದೆಯ ಬಣ್ಣ ಬದಲಾಯಿಸಿದ ಆ ಪ್ಯಾಕೇಜನ್ನು ಅಕ್ಕ ತಡೆದು ಪರೀಕ್ಷೆಗೆ ಹಾಕಿದ್ದಾರೆ. ದೋಷ ಸಿಗದಿದ್ದರೆ ತಡೆಯುವ ಹಕ್ಕನ್ನೇ ಕಿತ್ತುಕೊಳ್ಳುತ್ತೇನೆಂದು ಮ್ಯಾನೇಜರ್ ನಿನ್ನೆ ಎಲ್ಲರೆದುರು ಹೇಳಿದ್ದಾರೆ.

ಎಲ್ಲರೂ ಕಾಫಿ ಹಿಡಿದು ಸುತ್ತ ನೆರೆದಾಗ ಫಲಿತಾಂಶ ಬರುತ್ತದೆ. ಒಂದೂ ದೋಷವಿಲ್ಲ.

‘ಸುಮ್ನೆ ತಡ ಆಯ್ತು’ ಎನ್ನುತ್ತಾರೆ ಮ್ಯಾನೇಜರ್. ‘ಇನ್ಮೇಲೆ ಬರೆದೋರೇ ನಿರ್ಧಾರ ಮಾಡ್ಲಿ. ಟೆಸ್ಟ್ ಬೇಡ ಅಂದ್ರೆ ತಮ್ಮ ಹೆಸರು ಹಾಕಿ ಕಳಿಸ್ಲಿ.’

ಇವರ ಬಗ್ಗೆ ಬರೆಯಲು ಬಂದ ನನಗೇ ಕೇಳಿ ಮೈ ಉರಿಯುತ್ತದೆ. ಅಕ್ಕ ಎದ್ದು ಕುರ್ಚಿ ಬಿಟ್ಟುಕೊಡುತ್ತಾರೆ. ಮುಂದಿನ ಪ್ಯಾಕೇಜೂ ಆ ಬಣ್ಣ ಬದಲಾಯಿಸಿದ ಇಂಜಿನಿಯರನದ್ದೇ; ಯಂತ್ರದ ಅಲಾರಂ ಸದ್ದನ್ನು ಚೂರು ತಗ್ಗಿಸಿದ್ದಾನೆ. ಅಕ್ಕ ಅವನನ್ನೇ ಕರೆಯುತ್ತಾರೆ. ‘ಬಾಪ್ಪಾ, ಕೂತ್ಕೋ. ಹೆಸರು ಹಾಕು.’

ಅವನು ಕೂರುತ್ತಾನೆ. ಬೆರಳು ಮಾತ್ರ ಅಲ್ಲಾಡುವುದಿಲ್ಲ. ಮ್ಯಾನೇಜರ್ ಮುಖ ನೋಡುತ್ತಾನೆ. ಮ್ಯಾನೇಜರ್ ತಮ್ಮ ಕಾಫಿ ನೋಡಿಕೊಳ್ಳುತ್ತಾರೆ.

‘ಅಕ್ಕಾ... ಇದನ್ನ ಟೆಸ್ಟಿಗೆ ಹಾಕ್ಬಿಡಿ. ನೀವೇ ಹೇಳ್ಬಿಡಿ, ಎಂದಿನ ಹಾಗೆ.’

‘ಈ ಬುದ್ಧಿ ನಿನ್ನೆ ಎಲ್ಲಿ ಹೋಗಿತ್ತು? ಏಳು ಮೇಲೆ!’ ರೇಗುತ್ತಲೇ ಅಕ್ಕ ಮತ್ತೆ ಕೂರುತ್ತಾರೆ. ಮ್ಯಾನೇಜರ್ ಕಾಫಿ ಲೋಟ ಹಿಡಿದು ತಮ್ಮ ಕೋಣೆಗೆ ನಡೆಯುತ್ತಾರೆ.

ಇಷ್ಟೆಲ್ಲ ಬೈಸಿಕೊಂಡು ಕೊನೆಗೆ ಏನೂ ಸಿಗದಿದ್ದರೆ ಬೇಸರವಾಗುವುದಿಲ್ಲವೇ ಎಂದು ಕೇಳುತ್ತೇನೆ.

‘ಏನೂ ಸಿಗಬಾರ್ದು ಅಂತಾನೇ ಅಲ್ವಾ ಹುಡುಕೋದು? ಡ್ರಿಪ್ ಹಾಕಿಸ್ಕೊಂಡು ಮಲಗಿದಾರಲ್ಲ, ಅವರು ನೆಟ್ಟಗೆ ಮನೆಗೆ ಹೋದ್ರೆ ಸಾಕು. ನಾನೊಬ್ಬಳು ಇದೀನಿ ಅಂತ ಅವರಿಗೆ ಯಾವತ್ತೂ ಗೊತ್ತಾಗ್ಬಾರ್ದು.’