ಮೂವತ್ತೊಂದನೆಯ ಮದುವಣಗಿತ್ತಿ

ಯಂಗ್ಸ್‌ಟೌನಿನ ದಕ್ಷಿಣ ಭಾಗದ ಚರ್ಚಿನ ಸಭಾಂಗಣದಲ್ಲಿ ಶುಕ್ರವಾರ ಬೆಳಗಿನ ನಾಲ್ಕೂವರೆಗೇ ದೀಪ ಹತ್ತಿದೆ. ಉದ್ದನೆಯ ಮೇಜಿನ ಮೇಲೆ ಬಿಳಿ ಹಾಸು, ಹಾಸಿನ ಮೇಲೆ ಒಳಮೈ ಹೊರಗಾಗಿ ಬಿದ್ದಿರುವ ಮದುವೆಯ ಗೌನು, ಅದರ ಮುಂದೆ ನಾಲ್ಕು ಗುಂಡುಸೂಜಿಗಳನ್ನು ಬಾಯಲ್ಲಿ ಕಚ್ಚಿಕೊಂಡ ರೋಸಲಿನ್ ಹುದಾಕ್. ವಯಸ್ಸು ಅರವತ್ತಮೂರು. ಆರು ಗಂಟೆಯೊಳಗೆ ಅವರು ಜಾಗ ಖಾಲಿ ಮಾಡಬೇಕು. ಶುಕ್ರವಾರ ಚರ್ಚಿನ ಹೆಂಗಸರು ಇದೇ ಮೇಜುಗಳ ಮೇಲೆ ಆಲೂಗೆಡ್ಡೆ ತುಂಬಿದ ಪಿರೋಗಿ ಕಡುಬು ಮಡಚುತ್ತಾರೆ. ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿಗೂ ಸ್ಯಾಟಿನ್ ಬಟ್ಟೆಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಪಿರೋಗಿ ಪಡೆಯ ಯಜಮಾನಿ ಫ್ರಾನ್ ಹಿಟ್ಟಿನ ಡಬ್ಬದೊಂದಿಗೆ ಒಳಗೆ ಬರುತ್ತಾರೆ. ಈ ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು.

"ಇವತ್ತೂ ನನ್ನ ಮೇಜು ಹಿಡ್ಕೊಂಡು ಕೂತಿದೀಯಾ? ಇನ್ಮೇಲೆ ಬಾಡಿಗೆ ವಸೂಲಿ ಮಾಡ್ತೀನಿ ನೋಡು."

"ಮಾಡೇ ತಾಯಿ. ನಿನ್ನ ಮನೆ ಪರದೆ ಹೊಲಿದಿದ್ದಕ್ಕೆ ನೀನೇನು ಕೊಟ್ಟೆ ಅಂತ ಮೊದ್ಲು ನೆನಪು ಮಾಡ್ಕೋ," ಎಂದು ರೋಸಲಿನ್ ಸೂಜಿಗಳ ಸಂದಿಯಿಂದಲೇ ಹೇಳುತ್ತಾರೆ.

ಮೇಜಿನ ಮೇಲಿರುವುದು ಟೆಸ್ಸಾ ಡಿಲುಚಿಯ ಗೌನು. ನಾಳೆ ಮಧ್ಯಾಹ್ನ ಎರಡಕ್ಕೆ ಅವಳ ಮದುವೆ. ಗೌನು ಮೈಗೆ ಸರಿಹೊಂದುತ್ತದೋ ಇಲ್ಲವೋ ಗೊತ್ತಿಲ್ಲ, ಏಕೆಂದರೆ ಅವಳು ಇದನ್ನು ಒಮ್ಮೆಯೂ ತೊಟ್ಟು ನೋಡಿಲ್ಲ. ತೊಡಲು ಒಪ್ಪುತ್ತಾಳೋ ಇಲ್ಲವೋ ಎನ್ನುವುದು ಇನ್ನೂ ದೊಡ್ಡ ಪ್ರಶ್ನೆ. ಒಂಬತ್ತು ವಾರಗಳಿಂದ ಅವಳು ರೋಸಲಿನ್ ಜೊತೆ ಮಾತು ಬಿಟ್ಟಿದ್ದಾಳೆ. ಆಸ್ಪತ್ರೆಯ ಪಾಳಿ ಮುಗಿಸಿ ಐದೂವರೆಗೆ ಬರುತ್ತೇನೆಂದು ನಿನ್ನೆ ಒಂದು ಸಾಲಿನ ಸಂದೇಶ ಕಳಿಸಿದ್ದಾಳೆ, ಅಷ್ಟೇ.

ರೋಸಲಿನ್ ಹತ್ತೊಂಬತ್ತು ವರ್ಷ ದುಡಿದದ್ದು ಮಾಲ್ ಪಕ್ಕದ ಮದುವೆಯುಡುಪಿನ ಮಳಿಗೆಯಲ್ಲಿ. ಹದಿನಾಲ್ಕು ಊರುಗಳಲ್ಲಿ ಶಾಖೆಗಳಿದ್ದ ಕಂಪನಿ ಅದು. ಮುಂದಿನ ಕೋಣೆಯಲ್ಲಿ ಕನ್ನಡಿ, ಸೋಫಾ, ನಗುಮುಖದ ಹುಡುಗಿಯರು. ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಇವರು. ದಿನಕ್ಕೆ ಎರಡು ಗೌನು, ಒಂದೊಂದಕ್ಕೂ ನಾಲ್ಕೈದು ಪದರ, ಒಂದು ಪದರದ ಅಂಚೇ ಇಪ್ಪತ್ತು ಅಡಿ. ಮಣಿ ಕೂರಿಸಿದ ಗೌನಾದರೆ ಹೊಲಿಗೆ ಬಿಚ್ಚುವ ಮೊದಲು ಒಂದೊಂದೇ ಮಣಿ ತೆಗೆದು, ಆಮೇಲೆ ಒಂದೊಂದೇ ಮಣಿ ಕೂರಿಸಬೇಕು. ಜಾಹೀರಾತಿನ ಫಲಕದಲ್ಲಿ ಈ ಕೆಲಸಕ್ಕೆ ಯಾವತ್ತೂ ಜಾಗ ಸಿಕ್ಕಿಲ್ಲ.

ಕಂಪನಿ ಮುಳುಗುತ್ತಿರುವುದು ಮೊದಲು ಗೊತ್ತಾದದ್ದು ಲೆಕ್ಕಪತ್ರದವರಿಗಲ್ಲ, ಇವರಿಗೆ. ಪತ್ರಿಕೆಗೆ ಬರೆಯಲು ಬಂದು ಪಕ್ಕದಲ್ಲಿ ಕೂತಿರುವ ನನಗೆ ಅವರೇ ಹೇಳುತ್ತಾರೆ.

"ಮೊದಲು ಒಳ್ಳೆ ನೂಲು ಬರೋದು ನಿಲ್ತು. ಆಮೇಲೆ ಸುಟ್ಟ ಬಲ್ಬ್ ಬದಲಾಯಿಸ್ಲಿಲ್ಲ. ಕೊನೇ ಎರಡು ವರ್ಷ ಸೂಜಿನೂ ನಾನೇ ಮನೆಯಿಂದ ತರ್ತಿದ್ದೆ. ಮುಂದ್ಗಡೆ ಮಾತ್ರ ಹೊಸ ಸೋಫಾ ಬಂತು. ನಂಗೆ ಆವತ್ತೇ ಅನ್ನಿಸ್ತು, ಇದು ಉಳಿಯೋ ಅಂಗಡಿ ಅಲ್ಲ ಅಂತ."

ಏಪ್ರಿಲಿನ ಒಂದು ಸೋಮವಾರ ಮಧ್ಯಾಹ್ನ ಎರಡಕ್ಕೆ ಎಲ್ಲರಿಗೂ ಮೇಲ್ ಬಂತು. ನಿಮ್ಮ ನಿಮ್ಮ ಸಾಮಾನು ತೆಗೆದುಕೊಂಡು ಆರರೊಳಗೆ ಹೊರಡಿ. ಮದುವಣಗಿತ್ತಿಯರಿಗೆ ಅದೂ ಇಲ್ಲ. ಹಿಂದಿನ ದಿನದವರೆಗೆ ಪೂರ್ತಿ ಹಣ ಕಟ್ಟಿಸಿಕೊಂಡವರು ಮರುದಿನ ಫೋನು ಎತ್ತಲಿಲ್ಲ. ಈ ನಾಚಿಕೆಗೇಡಿಗೆ ನಯವಾದ ಪದ ಹುಡುಕುವ ವ್ಯವಧಾನ ನನಗಿಲ್ಲ. ಹಿಂದಿನ ಕೋಣೆಯಲ್ಲಿ ಮೂವತ್ತೊಂದು ಗೌನುಗಳು ತೂಗುತ್ತಿದ್ದವು, ಬೀಗ ಬಿತ್ತು.

ಬುಧವಾರ ದಿವಾಳಿಯ ವ್ಯವಹಾರ ನೋಡಿಕೊಳ್ಳಲು ನ್ಯಾಯಾಲಯ ನೇಮಿಸಿದ ವಕೀಲೆ ಬಂದು ಬಾಗಿಲು ತೆರೆಸಿದರು. ಹೊರಗೆ ಮದುವಣಗಿತ್ತಿಯರು, ಅವರ ಅಮ್ಮಂದಿರು, ಜೊತೆಗೆ ರೋಸಲಿನ್ ಮತ್ತು ಫ್ರಾನ್. ವಕೀಲೆ ಕೆಟ್ಟವರಲ್ಲ, ಆದರೆ ಕಟ್ಟುನಿಟ್ಟು. ಒಳಗಿರುವ ಸರಕೆಲ್ಲ ಕಂಪನಿಗೆ ಸಾಲ ಕೊಟ್ಟವರ ಪಾಲು, ಇಂಥದ್ದು ಇಂಥವರದೇ ಎಂದು ಸಾಬೀತಾದರೆ ಮಾತ್ರ ಬಿಡುತ್ತೇನೆ ಎಂದರು. ಕಂಪ್ಯೂಟರ್ ಸತ್ತಿತ್ತು. ರಸೀದಿಗಳಲ್ಲಿ ಇದ್ದದ್ದು ನಮೂನೆಯ ಸಂಖ್ಯೆ, ಅಳತೆ. ಅದೇ ನಮೂನೆ, ಅದೇ ಅಳತೆಯ ಮಾರಾಟವಾಗದ ಗೌನುಗಳು ಗೋದಾಮಿನಲ್ಲಿ ಇನ್ನೂ ಮೂರೋ ನಾಲ್ಕೋ ಇದ್ದವು.

ಆಗ ರೋಸಲಿನ್ ಒಂದು ಗೌನಿನ ಅಂಚು ಮಗುಚಿ ತೋರಿಸಿದರು. ಒಳಪದರದಲ್ಲಿ ನೀಲಿ ನೂಲಿನ ಪುಟ್ಟ ಅಕ್ಷರಗಳು, ಮದುಮಗಳ ಹೆಸರು, ಮದುವೆಯ ತಾರೀಖು.

ಮದುವೆಯ ದಿನ ಹುಡುಗಿಯ ಮೈಮೇಲೆ ಏನಾದರೊಂದು ನೀಲಿ ಇರಬೇಕೆನ್ನುವುದು ಇಲ್ಲಿಯ ಹಳೆಯ ನಂಬಿಕೆ. ಗಡಿಬಿಡಿಯಲ್ಲಿ ಅರ್ಧ ಹುಡುಗಿಯರು ಅದನ್ನು ಮರೆಯುತ್ತಾರೆಂದು ರೋಸಲಿನ್ ಮೊದಲ ವರ್ಷವೇ ಗಮನಿಸಿದ್ದರು. ಅಂದಿನಿಂದ ಯಾವ ಗೌನು ಮೇಜಿಗೆ ಬಂದರೂ ಮೊದಲು ಅಂಚು ಬಿಚ್ಚಿ ನೀಲಿಯಲ್ಲಿ ಹೆಸರು ಹೊಲಿಯುತ್ತಿದ್ದರು. ನಾಲ್ಕು ನಿಮಿಷದ ಕೆಲಸ. ಅನುಮತಿಯಿಲ್ಲದ ಕೆಲಸಕ್ಕೆ ಸಮಯ ಹಾಳು ಮಾಡುತ್ತೀರೆಂದು ಕಂಪನಿ ಒಮ್ಮೆ ಲಿಖಿತ ಎಚ್ಚರಿಕೆಯನ್ನೂ ಕೊಟ್ಟಿತ್ತು.

"ಆ ಕಾಗದ ಇನ್ನೂ ಇದೆ. ಅಡುಗೆಮನೆ ಡ್ರಾಯರಲ್ಲಿ, ಕೂಪನ್‌ಗಳ ಜೊತೆ," ಎಂದು ನಗುತ್ತಾರೆ.

ವಕೀಲೆ ಒಂದೊಂದೇ ಹೆಸರು ಓದಿದರು, ಹೊರಗಿದ್ದವರು ಒಬ್ಬೊಬ್ಬರಾಗಿ ಬಂದು ಗುರುತುಚೀಟಿ ತೋರಿಸಿದರು. ಹೊಲಿಗೆ ಇನ್ನೂ ಬಾಕಿಯಿದ್ದ ಆ ಮೂವತ್ತು ಗೌನುಗಳು ಈ ಸಭಾಂಗಣಕ್ಕೆ ಬರಲು ಫ್ರಾನ್ ತಂದಿದ್ದ ವ್ಯಾನಿಗೆ ಏರಿದವು. ಮೂವತ್ತೊಂದನೆಯದರ ಚೀಲ ತೆರೆದರೆ ಅಂಚು ಹಾಗೇ ಇತ್ತು. ಆ ಸೋಮವಾರ ಮಧ್ಯಾಹ್ನವಷ್ಟೇ ಬಂದ ಗೌನು, ಟೆಸ್ಸಾದು. ಅದನ್ನು ಬಿಚ್ಚುವ ಮೊದಲೇ ಮೇಲ್ ಬಂದಿತ್ತು.

ಮುಂದಿನದನ್ನು ಫ್ರಾನ್ ಹೇಳುತ್ತಾರೆ, ಕೈ ಹಿಟ್ಟು ಕಲಸುತ್ತಿರುವಂತೆಯೇ.

"ಲಾಯರಮ್ಮನಿಗೆ ಫೋನ್ ಬಂತು, ಆಚೆ ಹೋದ್ರು. ಇವಳ ಏಪ್ರನ್ನಲ್ಲಿ ಸೂಜಿ, ಸೂಜೀಲಿ ನೀಲಿ ನೂಲು. ನಾನು ಪಿಸುಗುಟ್ಟಿದೆ, ಹೊಲಿಯೇ ಬೇಗ, ನಾನು ಬಾಗಿಲಲ್ಲಿ ನಿಂತಿರ್ತೀನಿ ಅಂತ. ಮಹಾತಾಯಿ ಕಲ್ಲಿನ ಥರ ನಿಂತ್ಲು."

"ಹೊಲಿದಿದ್ರೆ ಗೊತ್ತಾಗ್ತಿರ್ಲಿಲ್ವಾ?" ಎಂದು ನಾನು ರೋಸಲಿನ್ ಅವರನ್ನು ಕೇಳುತ್ತೇನೆ.

"ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಆದ್ರೆ ಉಳಿದ ಮೂವತ್ತು ಹುಡುಗೀರ ಗೌನು ಹೊರಗೆ ಬಂದಿದ್ದು ನನ್ನ ಹೊಲಿಗೆ ನಿಜ ಅನ್ನೋ ಒಂದೇ ಮಾತಿನ ಮೇಲೆ. ಅದ್ರಲ್ಲಿ ಒಂದು ಸುಳ್ಳಾದ್ರೆ ಮೂವತ್ತೂ ಸುಳ್ಳು. ಹಂಗೆ ಮಾಡೋಕೆ ನನ್ನ ಕೈ ಬರ್ಲಿಲ್ಲ."

ಗೌನು ಒಳಗೇ ಉಳಿಯಿತು. ಹದಿನೈದು ದಿನದಲ್ಲಿ ಇಡೀ ಗೋದಾಮಿನ ಸರಕಿನ ಜೊತೆ ಯಾವುದೋ ದೂರದ ವ್ಯಾಪಾರಿಯ ಪಾಲಾಯಿತು. ನಡೆದದ್ದನ್ನು, ಆವತ್ತು ಪಾಳಿಯಲ್ಲಿದ್ದ ಟೆಸ್ಸಾಗೆ ಖುದ್ದಾಗಿ ಹೇಳಿದ್ದು ರೋಸಲಿನ್ ಅವರೇ, ಸೂಜಿಯ ವಿಷಯವನ್ನೂ ಮುಚ್ಚಿಡದೆ. "ನಾಲ್ಕು ನಿಮಿಷ, ಮಿಸೆಸ್ ಹುದಾಕ್. ನನಗೋಸ್ಕರ ನಾಲ್ಕು ನಿಮಿಷ ಕಣ್ಣು ಮುಚ್ಚೋಕಾಗ್ಲಿಲ್ವಾ?" ಎಂದಳಂತೆ ಹುಡುಗಿ. ಅದೇ ಅವಳ ಕೊನೆಯ ಮಾತು.

ರೋಸಲಿನ್ ಈಗ ಮಧ್ಯಾಹ್ನ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಜಿಪ್ಪು, ಗುಂಡಿ ಹೊಲಿಯುತ್ತಾರೆ. ಬೆಳಗಿನ ಜಾವ ಇಲ್ಲಿ. ಮೂವತ್ತರಲ್ಲಿ ಇಪ್ಪತ್ತಾರು ಗೌನುಗಳು ಆಗಲೇ ಮದುವೆ ಮುಗಿಸಿವೆ, ಉಳಿದವು ತಾರೀಖಿನ ಪ್ರಕಾರ ಗೋಡೆಗೆ ತೂಗುತ್ತಿವೆ. ಹೊಲಿಗೆಯ ಕೂಲಿ ತೆಗೆದುಕೊಂಡಿಲ್ಲ, ಹುಡುಗಿಯರಿಂದ ಅದು ಒಮ್ಮೆ ಅಂಗಡಿಗೆ ಸೇರಿಯಾಗಿದೆ ಎನ್ನುತ್ತಾರೆ ರೋಸಲಿನ್. ಟೆಸ್ಸಾಗೋಸ್ಕರ ಮಾತ್ರ ಅಂಗಡಿಯ ಕೊನೆಯ ಮಾರಾಟದಲ್ಲಿ ಸರತಿ ನಿಂತು, ಕಿಟಕಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದ ಗೌನೊಂದನ್ನು ಕೊಂಡು ತಂದರು. ಇಪ್ಪತ್ತನಾಲ್ಕನೇ ಅಳತೆಯದು. ಟೆಸ್ಸಾ ಹತ್ತನೇ ಅಳತೆಯ ಹುಡುಗಿ.

"ಚಿಕ್ಕದನ್ನ ದೊಡ್ಡದು ಮಾಡೋದು ಕಷ್ಟ. ದೊಡ್ಡದನ್ನ ಚಿಕ್ಕದು ಮಾಡೋದು ಬರೀ ತಾಳ್ಮೆ. ಪೂರ್ತಿ ಬಿಚ್ಚಿ ಕತ್ತರಿಸಿ ಹೊಸದಾಗೇ ಹೊಲಿದೆ. ಆರ್ಡರ್ ಕೊಟ್ಟಾಗ ತಗೊಂಡ ಅವಳ ಅಳತೆ ನನ್ನ ಪುಸ್ತಕದಲ್ಲಿತ್ತು."

ಮದುವೆ ಗೊತ್ತಾಗಿರುವ ಹೆಣ್ಣುಮಕ್ಕಳಿಗೆ ಏನು ಹೇಳುತ್ತೀರಿ ಎಂದರೆ ಅವರಿಗೆ ಯೋಚನೆಯೇ ಬೇಡ. "ಗೌನು ಕೈಗೆ ಬರೋ ತನಕ ಪೂರ್ತಿ ದುಡ್ಡು ಕೊಡ್ಬೇಡಿ. ಕೊಡೋದನ್ನ ಕ್ರೆಡಿಟ್ ಕಾರ್ಡಲ್ಲಿ ಕೊಡಿ, ಬ್ಯಾಂಕಿನವ್ರ ಹತ್ರ ಜಗಳ ಆಡ್ಬಹುದು. ಬಂದ ಗೌನನ್ನ ಅಂಗಡೀಲಿ ಬಿಡ್ಬೇಡಿ, ಮನೆಗೆ ತಗೊಂಡು ಹೋಗಿ. ಹೊಲಿಯೋಳು ಯಾರು ಅಂತ ಮುಖ ನೋಡಿ, ಹೆಸರು ಕೇಳಿ."

ಐದೂ ಮೂವತ್ತೈದಕ್ಕೆ ಟೆಸ್ಸಾ ಬರುತ್ತಾಳೆ. ಆಸ್ಪತ್ರೆಯ ಸಮವಸ್ತ್ರ, ಕೆಂಪಾದ ಕಣ್ಣು, ಯಾರ ಕಡೆಗೂ ನೋಡುವುದಿಲ್ಲ. ಪರದೆಯ ಹಿಂದೆ ಹೋಗಿ ಗೌನು ತೊಟ್ಟು, ಮರದ ಪೆಟ್ಟಿಗೆಯ ಮೇಲೆ ಹತ್ತಿ ನಿಲ್ಲುತ್ತಾಳೆ. ಫ್ರಾನ್ ಕೂಡ ಹಿಟ್ಟು ಬಿಟ್ಟು ಬಂದಿದ್ದಾರೆ. ರೋಸಲಿನ್ ಮಂಡಿಯೂರಿ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬರುತ್ತಾರೆ. ಅಂಚು ಎಲ್ಲೂ ಹೆಚ್ಚಿಲ್ಲ, ಎಲ್ಲೂ ಕಡಿಮೆಯಿಲ್ಲ. ಸೊಂಟದಲ್ಲಿ ಒಂದು ಸುಕ್ಕಿಲ್ಲ. ಬಾಯಲ್ಲಿದ್ದ ಸೂಜಿಗಳು ಬಾಯಲ್ಲೇ ಉಳಿಯುತ್ತವೆ.

ಟೆಸ್ಸಾ ಕನ್ನಡಿಯತ್ತ ತಿರುಗುತ್ತಾಳೆ. "ನಂಗೆ ನಿಮ್ಮ ಮೇಲೆ ಇನ್ನೂ ಕೋಪ ಇದೆ," ಎನ್ನುತ್ತಾಳೆ.

"ಇರ್ಲಿ ಮಗೂ. ಕೈ ಮೇಲೆತ್ತು, ತೋಳು ಬಿಗಿಯುತ್ತಾ ನೋಡೋಣ."

ಕೈ ಎತ್ತುತ್ತಾಳೆ, ಇಳಿಸುತ್ತಾಳೆ. ಆಮೇಲೆ ಕನ್ನಡಿಯಲ್ಲೇ ರೋಸಲಿನ್ ಮುಖ ನೋಡಿ, "ನಾಳೆ ಆರು ಡಜನ್ ಕುಕ್ಕೀಸ್ ತನ್ನಿ. ಗುಂಡಿಯಷ್ಟು ಸಣ್ಣದು ಬೇಡ, ಅಜ್ಜಿ ಬೈತಾಳೆ," ಎನ್ನುತ್ತಾಳೆ.

ಫ್ರಾನ್ ಒಮ್ಮೆಲೇ ಅತ್ತ ತಿರುಗಿ ಕಣ್ಣೊರೆಸಿಕೊಳ್ಳುತ್ತಾರೆ, ಹಿಟ್ಟು ಕೆನ್ನೆಗೆ ಮೆತ್ತುತ್ತದೆ. ನಮ್ಮೂರ ಮದುವೆಯಲ್ಲಿ ಊಟದ ಮೇಜಿಗಿಂತ ಕುಕ್ಕೀಸಿನ ಮೇಜು ದೊಡ್ಡದು. ಅದಕ್ಕೆ ಬೇಯಿಸಿ ತರುವವರು ಅಜ್ಜಿ, ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಮಾತ್ರ. ಹೊರಗಿನವರನ್ನು ಯಾರೂ ಕೇಳುವುದಿಲ್ಲ.

ಒಂಬತ್ತು ಸಾವಿರಕ್ಕೂ ಹೆಚ್ಚು ಗೌನು ಹೊಲಿದ ರೋಸಲಿನ್ ಅವರನ್ನು ಇದುವರೆಗೆ ಒಬ್ಬ ಮದುಮಗಳೂ ಮದುವೆಗೆ ಕರೆದಿಲ್ಲ. ಕರೆದಿದ್ದರೂ ಹೋಗುವಂತಿರಲಿಲ್ಲ, ಶನಿವಾರ ಅಂಗಡಿಯಲ್ಲಿ ಉಸಿರಾಡಲು ಬಿಡುವಿರುತ್ತಿರಲಿಲ್ಲ. ಟೆಸ್ಸಾ ಗೌನಿನ ಚೀಲವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋದ ಮೇಲೆ ಅವರು ಮೇಜಿನ ಹಾಸು ಮಡಚುತ್ತಾ ನನ್ನ ಕಡೆ ತಿರುಗುತ್ತಾರೆ.

"ನಾನು ಎಲ್ಲ ಗೌನೂ ನೋಡಿರೋದು ಪೆಟ್ಟಿಗೆ ಮೇಲೆ ನಿಂತಿರೋವಾಗ. ಕುಣಿಯೋವಾಗ ನನ್ನ ಅಂಚು ಹೆಂಗಿರುತ್ತೆ ಅಂತ ಒಂದ್ಸಲನೂ ನೋಡಿಲ್ಲ. ನಾಳೆ ನೋಡ್ತೀನಿ."