ನೀರುಗಂಟಿಯ ನಂಬರು

ನಾಲೆಗೆ ಕಾರು ಬಿದ್ದರೆ ಮೊದಲು ಗೇಟು ಇಳಿಸಿ ನೀರು ನಿಲ್ಲಿಸಬೇಕು. ಪಾಂಡವಪುರದ ಕಡೆ ಒಂದು ಕಾರು ಬಿದ್ದಾಗ ಒಳಗೆ ಇಬ್ಬರಿದ್ದರು. ನೀರು ನಿಲ್ಲುವ ಹೊತ್ತಿಗೆ ಇಬ್ಬರೂ ಉಳಿದಿರಲಿಲ್ಲ.

ತಡ ಯಾಕಾಯಿತು ಎಂದು ಹುಡುಕುವ ಕೆಲಸ ನನಗೆ ಬಂತು. ನಾಲ್ಕು ತಾಲ್ಲೂಕುಗಳ ತುರ್ತು ತಂಡಗಳನ್ನು ಹೊಂದಿಸುವ ಕಚೇರಿಯಲ್ಲಿ ನಾನು ಗುತ್ತಿಗೆ ನೌಕರ. ಶೀಳನೆರೆ ಕಡೆಯ ನಮ್ಮ ಮನೆಯಲ್ಲಿ ಪದವಿ ಕಂಡವನು ನಾನೊಬ್ಬನೇ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಬಸ್ಸಿನಲ್ಲಿ ನಿಂತುಕೊಂಡೇ ಓದಿದವನು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಹಳೆಯ ಅಪಘಾತಗಳಲ್ಲಿ ಯಾರು ಯಾರಿಗೆ ಫೋನು ಮಾಡಿದ್ದರೆಂದು ಕೇಳಿ ಬರೆದುಕೊಂಡೆ. ಅದನ್ನೇ ಹಾಳೆಯ ಮೇಲೆ ಚಿತ್ರ ಮಾಡಿದೆ: ಆಳಿಗೊಂದು ಚುಕ್ಕಿ, ಕರೆಗೊಂದು ಗೆರೆ. ಗೆರೆ ಹೆಚ್ಚಾದಷ್ಟೂ ಚುಕ್ಕಿ ದಪ್ಪ. ಎಲ್ಲರಿಗಿಂತ ದಪ್ಪಗೆ ಬಂದವನು ಗೇಟು ಇಳಿಸುವ ನೀರುಗಂಟಿ. ಕಚೇರಿಯ ಪಟ್ಟಿಯಲ್ಲಿ ಅವನ ನಂಬರೇ ಇರಲಿಲ್ಲ. ಅಗ್ನಿಶಾಮಕದ ಹಳಬರ ಮೊಬೈಲಿನಲ್ಲಿ ಇತ್ತು. ವರ್ಗವಾದಾಗ ಅವರ ಜೊತೆಯಲ್ಲೇ ಹೋಯಿತು; ಅವರನ್ನು ಕೇಳಿಯೇ ನಾನು ಬರೆದುಕೊಂಡೆ. ಕಾರು ಬಿದ್ದ ದಿನ, ಹೊಸದಾಗಿ ಬಂದ ಅಗ್ನಿಶಾಮಕ ಠಾಣಾಧಿಕಾರಿ ಪಟ್ಟಿ ನೋಡಿ ಪೊಲೀಸರಿಗೆ ಹೇಳಿದ, ಪೊಲೀಸರು ನಮ್ಮ ಕಚೇರಿಯ ಸಾಹೇಬರಿಗೆ, ಸಾಹೇಬರು ನೀರಾವರಿ ಎಂಜಿನಿಯರಿಗೆ. ನೀರುಗಂಟಿಗೆ ಸುದ್ದಿ ಮುಟ್ಟಿದ್ದು ಕಟ್ಟಕಡೆಗೆ.

ಸಭೆಯಲ್ಲಿ ಚಿತ್ರ ತೋರಿಸಿದೆ. ಸಾಹೇಬರು ಗೆರೆ ನೋಡಲಿಲ್ಲ, ತಮ್ಮ ಚುಕ್ಕಿ ಹುಡುಕಿದರು.

"ಏನಯ್ಯಾ, ನಾನು ಕಡ್ಲೆಕಾಳಷ್ಟು, ಗೇಟು ತಿರುಗ್ಸೋನು ಕುಂಬಳಕಾಯಷ್ಟಾ?"

"ಅದು ಹುದ್ದೆ ಅಲ್ಲ ಸಾರ್, ಬಂದ ಕರೆ."

"ಓದಿರೋದು ನೀನೊಬ್ನೇ ಅಂದ್ಕಂಡಿದ್ದೀಯಾ? ನನ್ನ ಚುಕ್ಕಿ ಮಧ್ಯಕ್ಕೆ ಆಕಿ ದಪ್ಪ ಮಾಡು. ಪಟ್ಟೀಲೂ ನನ್ ನಂಬರೇ ಮೊದ್ಲು."

"ಮಾಡಲ್ಲ ಸಾರ್. ಇನ್ನೊಂದು ಕಾರು ಬಿದ್ರೆ ಅಂಗೇ ಆಯ್ತದೆ."

"ಅಂಗಾದ್ರೆ ನಾಳೆಯಿಂದ ನೀನೂ ಬ್ಯಾಡ, ಓಗು."

ಸುತ್ತ ಕೂತವರೆಲ್ಲ ಬಿಸ್ಕತ್ತು ತಿನ್ನುತ್ತಲೇ ಇದ್ದರು. ಅವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಚಿತ್ರ ಸುತ್ತಿಕೊಂಡು ನೇರ ಅಗ್ನಿಶಾಮಕ ಠಾಣೆಗೆ ಹೋದೆ. ಆ ಕಾರನ್ನು ಮೇಲೆತ್ತಿಸಿದ್ದ ಠಾಣಾಧಿಕಾರಿ ಲಾರಿಯ ಪಕ್ಕ ನಿಂತಿದ್ದ. ನಾನು ಹಾಳೆ ಬಿಚ್ಚುವ ಮೊದಲೇ ಸಿಡುಕಿದ.

"ಎಣ ಎತ್ತಿದ್ದು ನಾವು. ಇವಾಗ ಚಿತ್ರ ತೋರ್ಸಕೆ ಬಂದ್ಬುಟ್ಟಾ? ನಿನ್ ಚುಕ್ಕಿ ಗಿಕ್ಕಿ ನಂಗ್ ಬ್ಯಾಡ. ಗೇಟು ಇಳ್ಸೋನ ನಂಬರ್ ಐತಾ?"

"ಐತೆ."

"ಮತ್ತೆ ಬೊಗಳು!"

ಹೇಳಿದೆ. ಅವನು ಲಾರಿಗೆ ಬಳಿಯುವ ಕೆಂಪು ಬಣ್ಣದಲ್ಲಿ ಫೋನಿನ ಮೇಲಿನ ಗೋಡೆಗೆ ಅಂಗೈ ಎತ್ತರದ ಅಂಕಿಗಳನ್ನು ಬರೆದ. ಬಣ್ಣ ಆರುವ ಮೊದಲೇ ಆ ನಂಬರಿಗೆ ಫೋನು ಮಾಡಿದ.

"ಅಗ್ನಿಶಾಮಕದಿಂದ" ಎಂದನಷ್ಟೆ. ಆ ಕಡೆಯಿದ್ದ ನೀರುಗಂಟಿ, ‘ಯಾರು, ಏನು’ ಎಂದು ಕೇಳಲಿಲ್ಲ.

"ನಾಲೆ ಎಷ್ಟನೇ ಮೈಲೀಲಿ ಬಿದ್ದದೆ? ಬೇಗ ಹೇಳ್ಲಾ, ಗೇಟತ್ರನೇ ಇವ್ನಿ."