ಬೈಸಿಕೊಂಡ ಸಂಪಾದಕ

ನಮ್ಮ ಊರಿನ ಚರಿತ್ರೆ ಬರೆಯುವ ಪತ್ರಿಕೆಗೆ ಐವತ್ತು ತುಂಬಿತೆಂದು ದಪ್ಪನೆಯ ಸಂಚಿಕೆ ತರುತ್ತಿದ್ದಾರೆ. ಅದರ ಕರಡನ್ನು ಮೊನ್ನೆ ನೋಡಿದೆ. ಮೊದಲ ಪುಟದಲ್ಲೇ ಸ್ಥಾಪಕರು ಎಂದು ಈಗಿನ ಸಂಪಾದಕ ಮೇಷ್ಟ್ರ ಹೆಸರು. ತೀರಿಹೋದ ನನ್ನ ಯಜಮಾನರ ಹೆಸರು ಕೊನೆಯ ಪುಟದಲ್ಲಿ, ಕಾಗದದ ಅಂಗಡಿಯ ಹೆಸರಿನ ಕೆಳಗೆ, ‘ಮುದ್ರಣಕ್ಕೆ ನೆರವಾದವರು’ ಅಂತ. ನೆರವಂತೆ! ಮೈಯೆಲ್ಲ ಉರಿದುಹೋಯಿತು.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ನಡೆದದ್ದೆಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ.

ನಮ್ಮವರು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಹಳೇ ಆಸ್ಪತ್ರೆ ಕೆಡವಿದ ದಿನ ಊಟ ಮುಟ್ಟಲಿಲ್ಲ. “ಕಟ್ಟಿದ್ದು ಯಾರು ಅಂತ ಒಬ್ಬರಿಗೂ ಗೊತ್ತಿಲ್ಲ ಕಣೇ. ನಾಳೆ ನಾವಿದ್ವಿ ಅಂತಾನೂ ಗೊತ್ತಿರಲ್ಲ” ಅಂದರು. ಆ ವಾರದಿಂದಲೇ ಮನೆಮನೆ ಸುತ್ತಿ ಮುದುಕರನ್ನು ಮಾತಾಡಿಸತೊಡಗಿದರು. ಕೇಳಿದ್ದನ್ನು ಹಾಳೆಯಲ್ಲಿ ಬರೆದವರೇ ಅಲ್ಲ. ತಲೆಯಲ್ಲಿ ಹೊತ್ತು ತಂದು ನೇರ ಮೊಳೆಯಲ್ಲೇ ಜೋಡಿಸುತ್ತಿದ್ದರು. ಸಂಕೋಚದ ಮನುಷ್ಯ, ತನ್ನ ಹೆಸರನ್ನು ಮಾತ್ರ ಎಲ್ಲೂ ಜೋಡಿಸಲಿಲ್ಲ. ನಾನು ಹಾಳೆ ಮಡಿಸಿ ಹೊಲಿಯುತ್ತಿದ್ದೆ. ಮೇಷ್ಟ್ರು ಸಂಜೆ ಬಂದು ತಪ್ಪು ತಿದ್ದುತ್ತಿದ್ದರು. ಚೆನ್ನಾಗಿಯೇ ತಿದ್ದುತ್ತಿದ್ದರು, ಇಲ್ಲವೆನ್ನುವುದಿಲ್ಲ.

ಮೊದಲ ಸಂಚಿಕೆಯಲ್ಲೇ ಎಡವಟ್ಟಾಯಿತು. ಮಾರ್ಕೆಟ್ಟಿನ ಹಿಂದಿನ ಬಾವಿ ತೋಡಿದ್ದು ಬಟ್ಟೆ ಅಂಗಡಿಯವರ ತಾತ ಎಂದು, ಆ ಮನೆಯವರ ಮಾತನ್ನಷ್ಟೇ ನಂಬಿ ಅಚ್ಚು ಹಾಕಿದ್ದರು. ಮೂರನೇ ದಿನ ಒಬ್ಬ ಹೆಂಗಸು ಮಗಳನ್ನು ಎಳೆದುಕೊಂಡು ಪ್ರೆಸ್ಸಿಗೆ ನುಗ್ಗಿದಳು.

“ನಮ್ಮಪ್ಪ ತೋಡಿದ್ದು ಅದು! ಮಣ್ಣು ಕುಸಿದು ಅದರಲ್ಲೇ ಸತ್ತ. ಅವರ ತಾತ ಅಂಗಡೀಲಿ ಕೂತು ಬಟ್ಟೆ ಅಳೀತಿದ್ದ. ಇದನ್ನ ಬರೆದೋನು ಯಾವನು?”

ನಮ್ಮವರು ಮಸಿ ಕೈಯಲ್ಲೇ ಎದ್ದು ನಿಂತರು. “ನಾನೇ ಅಮ್ಮಾ.”

ಅರ್ಧ ಗಂಟೆ ಬೈಸಿಕೊಂಡರು. ಮೇಷ್ಟ್ರು ಮೆಷಿನ್ನಿನ ಹಿಂದೆ ಏನೋ ಬೀಳಿಸಿಕೊಂಡವರ ಹಾಗೆ ಬಗ್ಗಿ ಹುಡುಕುತ್ತಿದ್ದರು. ಮುಂದಿನ ಸಂಚಿಕೆಗೆ ಮೊಳೆ ಜೋಡಿಸಿ ಕಟ್ಟಿಟ್ಟ ಪುಟವನ್ನು ನಮ್ಮವರು ಬಿಚ್ಚಿ, ತಪ್ಪಾಯಿತೆಂದು ಜೋಡಿಸಿದರು. ಬೇರೆ ಬೇರೆ ಮನೆಯ ಇಬ್ಬರು ಹೇಳದೆ ಏನನ್ನೂ ಅಚ್ಚು ಹಾಕಬಾರದೆಂಬ ನಿಯಮ ಅವತ್ತು ಹುಟ್ಟಿದ್ದು.

ಮೊನ್ನೆ ಕರಡು ಹಿಡಿದು ಹೋದರೆ, ಮೇಷ್ಟ್ರು ಅದೇ ನಿಯಮವನ್ನು ನನ್ನ ಮುಖಕ್ಕೆ ಹಿಡಿದರು.

“ಕೋಪ ಮಾಡ್ಕೋಬೇಡಿ ಅತ್ತಿಗೆ. ಅಣ್ಣನ ಕೈಬರಹದ ಒಂದು ಚೀಟಿನೂ ಇಲ್ಲ. ನೀವು ಒಬ್ಬರೇ ಹೇಳಿದ್ರೆ ಹೇಗೆ? ನಿಯಮ ಇದೆಯಲ್ಲ.”

“ನಿಯಮ ಮಾಡಿದೋರು ಯಾರಪ್ಪ?”

“ಅದಕ್ಕೂ ಇಬ್ಬರು ಬೇಕಲ್ವಾ?” ಅಂದು ಕನ್ನಡಕ ಒರೆಸಿಕೊಂಡರು.

ಐವತ್ತು ವರ್ಷ ನನ್ನ ಕೈ ಕಾಫಿ ಕುಡಿದ ಮನುಷ್ಯ! ಚಪ್ಪಲಿ ಮೆಟ್ಟಿ ನೇರ ಹೊಲಿಗೆ ಅಂಗಡಿಗೆ ನಡೆದೆ. ಅವತ್ತು ತಾಯಿಯ ಸೆರಗು ಹಿಡಿದು ಬಂದಿದ್ದ ಮಗಳು ಈಗ ಅಲ್ಲಿ ಬಟ್ಟೆ ಹೊಲಿಯುತ್ತಾಳೆ. ಕೊರಳಲ್ಲಿ ಟೇಪು ನೇತಾಡುತ್ತಿದ್ದ ಹಾಗೇ ಬಂದಳು.

“ಏನ್ ಮೇಷ್ಟ್ರೇ, ಸ್ಥಾಪಕರಂತೆ ನೀವು? ಹಂಗಿದ್ರೆ ನಮ್ಮಮ್ಮ ‘ಬರೆದೋನು ಯಾವನು’ ಅಂತ ಕೇಳ್ದಾಗ ಯಾಕೆ ಬಾಯಿ ಬಿಡ್ಲಿಲ್ಲ? ‘ನಾನೇ’ ಅಂತ ಎದ್ದು ನಿಂತೋರು ಇವರ ಯಜಮಾನ್ರು, ನಿಮ್ಮದು ನಾನು ನೋಡಿದ್ದು ಬಗ್ಗಿದ ಬೆನ್ನು ಮಾತ್ರಪ್ಪ.”

ಮೇಷ್ಟ್ರ ಮುಖ ಕೆಂಪಾಯಿತು. ಕರಡಿನ ಹಾಳೆ ತಿರುವುತ್ತಾ, “ನೀವು ಹೇಳೋದನ್ನ ಓದುಗರ ಪತ್ರದಲ್ಲಿ ಹಾಕೋಣ ಅತ್ತಿಗೆ” ಅಂದರು.

“ಮೊದಲ ಪುಟದಲ್ಲಿ.”

“ಪುಟ ಕಟ್ಟಿ ಆಗಿದೆಯಲ್ಲ…”

“ಬಿಚ್ಚಿ. ಇವರಮ್ಮನಿಗೋಸ್ಕರ ನಮ್ಮವರು ಬಿಚ್ಚಲಿಲ್ವಾ?”

ಕೊನೆಗೆ ಮೇಷ್ಟ್ರು ಒಪ್ಪಿ ಎರಡು ಹಾಳೆ ಕೊಟ್ಟು, ಕೋಪವಿಲ್ಲದ ಹಾಗೆ ಬರೆಯಿರಿ ಅಂದರು. ನನಗೆ ಬಂದಂತೆ ಇದನ್ನು ಬರೆದಿದ್ದೇನೆ, ಒಂದಕ್ಷರ ತೆಗೆಯಕೂಡದು. ಪ್ರೂಫ್ ಮೊದಲು ನನ್ನ ಮನೆಗೆ ಬರಬೇಕು. ನಾನು ಬೆರಳಿಟ್ಟು ನಿಧಾನಕ್ಕೆ ಓದುವವಳು, ಅಲ್ಲಿಯವರೆಗೆ ಮೆಷಿನ್ ಓಡಿಸುವಂತಿಲ್ಲ. ಹೊಲಿಗೆಯವಳೂ ಪಕ್ಕದಲ್ಲಿ ಕೂತಿರುತ್ತಾಳೆ. ಇಬ್ಬರು ಬೇಕೆಂದರಲ್ಲ, ಇದ್ದೇವೆ.